ಬಿಲ್ಲಿಗಿಂತ ಮುಂಚೆ ಅಂದಾಜು: ವೈದ್ಯರ ಭೇಟಿ ಮತ್ತು ಅನಿರೀಕ್ಷಿತ ವೆಚ್ಚ

ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳು ಮತ್ತು ಸಿಬ್ಬಂದಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸದಸ್ಯರು, ಆಶಾ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರ ಅಧ್ಯಯನಕ್ಕಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಆಲಿಸಿ, ಕೊನೆಯಲ್ಲಿರುವ ಪ್ರಶ್ನೆಗಳನ್ನು ಚರ್ಚಿಸುವುದು ಸೂಕ್ತ.

ಪಾಠದ ಉದ್ದೇಶ

ಸಾಮಾನ್ಯ ಜ್ವರಕ್ಕೆಂದು ವೈದ್ಯರ ಬಳಿ ಹೋದ ಕುಟುಂಬವು ಸಾಲದೊಂದಿಗೆ ಮನೆಗೆ ಮರಳುವುದು ಗ್ರಾಮಗಳಲ್ಲಿ ಅಪರೂಪದ ಸಂಗತಿಯಲ್ಲ. ಅಂತಹ ಬಿಲ್ಲು ಹೇಗೆ ಬೆಳೆಯುತ್ತದೆ, ಅದರಲ್ಲಿ ಯಾವ ಭಾಗವನ್ನು ತಪ್ಪಿಸಬಹುದಾಗಿತ್ತು, ಯಾವ ಭಾಗಕ್ಕೆ ಸರ್ಕಾರದ ಯೋಜನೆ ಅನ್ವಯಿಸುತ್ತದೆ, ಯಾವುದಕ್ಕೆ ಅನ್ವಯಿಸುವುದಿಲ್ಲ ಹಾಗೂ ಬಿಲ್ಲು ತಪ್ಪಾಗಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ತಿಳಿಯುವುದು ಈ ಪಾಠದ ಉದ್ದೇಶ.

1. ಒಂದು ದಿನದ ಲೆಕ್ಕ

ಪಾಠಕ್ಕಾಗಿ ರೂಪಿಸಿದ ಒಂದು ಉದಾಹರಣೆಯನ್ನು ಗಮನಿಸಬಹುದು. 2024ರ ಮಳೆಗಾಲ. ಡೆಂಗಿ ಜ್ವರದ ಸುದ್ದಿ ಎಲ್ಲೆಡೆ ಹಬ್ಬಿದ್ದ ದಿನಗಳು. ಐವತ್ತೆರಡು ವರ್ಷದ ಕೃಷಿ ಕೂಲಿಕಾರ ಮಹಿಳೆಯೊಬ್ಬರಿಗೆ ಮೂರು ದಿನಗಳಿಂದ ಜ್ವರ, ಸುಸ್ತು. ಸಂತೆಯ ದಿನ ಮಗನೊಂದಿಗೆ ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದರು. ಕೈಯಲ್ಲಿ ಒಂದು ಸಾವಿರ ರೂಪಾಯಿ, ಚೀಲದಲ್ಲಿ ಬಿಪಿಎಲ್ ಪಡಿತರ ಚೀಟಿ ಇತ್ತು. ವೈದ್ಯರ ಶುಲ್ಕ 300 ರೂಪಾಯಿ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಉಳಿದ ಹಣ ಔಷಧಿಗೆ, ಬಸ್ಸಿಗೆ ಸಾಕೆಂಬುದು ಅವರ ಲೆಕ್ಕ.

ಸಂಜೆಯ ಹೊತ್ತಿಗೆ ಕೈಗೆ ಬಂದ ಚೀಟಿಯಲ್ಲಿ ಹೀಗಿತ್ತು: ವೈದ್ಯರ ಶುಲ್ಕ 300, ಲ್ಯಾಬ್ 1,850, ಹೊಟ್ಟೆಯ ಸ್ಕ್ಯಾನ್ 1,200, ಹಾಸಿಗೆ ಮತ್ತು ಡ್ರಿಪ್ 1,500, ಔಷಧಿ 1,460. ಒಟ್ಟು 6,310 ರೂಪಾಯಿ.

ಮಹಿಳೆ ಪಡಿತರ ಚೀಟಿಯನ್ನು ತೆಗೆದು ಕೌಂಟರಿನಲ್ಲಿ ಇಟ್ಟರು. "ಇದಕ್ಕೆಲ್ಲಾ ಕಾರ್ಡು ಬರೋದಿಲ್ಲಮ್ಮ" ಎಂಬ ಉತ್ತರ ಬಂತು. ಆ ಮಾತು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಬೆಳಿಗ್ಗೆಯೇ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಮಗ ಊರಿಗೆ ಓಡಿ, ತಾಯಿಯ ಕಿವಿಯೋಲೆಗಳನ್ನು ಅಡವಿಟ್ಟು ಹಣ ತಂದನು.

2024-25ನೇ ಸಾಲಿನಲ್ಲಿ ಕರ್ನಾಟಕದ ನರೇಗಾ ಕೂಲಿ ದರ ದಿನಕ್ಕೆ 349 ರೂಪಾಯಿ. ಆ ದರದಲ್ಲಿ 6,310 ರೂಪಾಯಿ ಎಂದರೆ ಹದಿನೆಂಟು ದಿನಗಳ ದುಡಿಮೆ. ಪರೀಕ್ಷೆಯಲ್ಲಿ ಡೆಂಗಿ ಕಂಡುಬರಲಿಲ್ಲ, ಜ್ವರ ಎರಡು ದಿನಗಳಲ್ಲಿ ಇಳಿಯಿತು. ಆದರೆ ವೈದ್ಯರು ಚೀಟಿಯ ಮೂಲೆಯಲ್ಲಿ ಇನ್ನೊಂದು ಮಾತನ್ನು ಬರೆದಿದ್ದರು: ರಕ್ತದೊತ್ತಡ ಹೆಚ್ಚಾಗಿದೆ, ಹದಿನೈದು ದಿನಗಳ ನಂತರ ಮತ್ತೆ ತೋರಿಸುವುದು. ಮಹಿಳೆ ಹೋಗಲಿಲ್ಲ. ಆಸ್ಪತ್ರೆ ಎಂದರೆ ಕಿವಿಯೋಲೆ ಎಂಬ ಭಾವನೆ ಅವರಲ್ಲಿ ಬೇರೂರಿತ್ತು. ಮೂರು ತಿಂಗಳ ಬಳಿಕ ಮನೆ ಭೇಟಿಗೆ ಬಂದ ಆಶಾ ಕಾರ್ಯಕರ್ತೆ ಆ ಚೀಟಿಯನ್ನು ನೋಡುವವರೆಗೆ ರಕ್ತದೊತ್ತಡಕ್ಕೆ ಯಾವ ಚಿಕಿತ್ಸೆಯೂ ಆರಂಭವಾಗಿರಲಿಲ್ಲ.

ಅನಿರೀಕ್ಷಿತ ಬಿಲ್ಲಿನ ನಿಜವಾದ ನಷ್ಟ ಇಲ್ಲಿದೆ. ಸಾಲವನ್ನು ಎರಡು ಸುಗ್ಗಿಗಳಲ್ಲಿ ತೀರಿಸಬಹುದು. ವೈದ್ಯರ ಬಳಿ ಹೋಗುವ ಧೈರ್ಯವೇ ಹೋದರೆ ಅದನ್ನು ಮರಳಿ ತರುವುದು ಕಷ್ಟ.

2. ಬಿಲ್ಲು ಎಲ್ಲಿ ಬೆಳೆಯುತ್ತದೆ?

ಬಿಲ್ಲು ಹಣ ಕಟ್ಟುವ ಕೌಂಟರಿನಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಅಲ್ಲಿ ಹುಟ್ಟುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ವೈದ್ಯರ ಶುಲ್ಕ 300 ರೂಪಾಯಿ ಮಾತ್ರ. ಉಳಿದ 6,010 ರೂಪಾಯಿ ಸೇರಿಕೊಂಡದ್ದು ವೈದ್ಯರ ಕೊಠಡಿಯಿಂದ ಹೊರಬಂದ ನಂತರದ ನಾಲ್ಕು ಹಂತಗಳಲ್ಲಿ: ರಕ್ತ ಪರೀಕ್ಷೆ, ಸ್ಕ್ಯಾನ್, ಹಾಸಿಗೆ ಮತ್ತು ಔಷಧಿ ಅಂಗಡಿ. ಪ್ರತಿ ಹಂತದಲ್ಲಿಯೂ ಒಬ್ಬರು "ಬನ್ನಿ" ಎಂದರು, ರೋಗಿ ಹೋದರು. ಎಲ್ಲಿಯೂ ದರದ ಮಾತು ಬರಲಿಲ್ಲ.

ಗ್ರಾಮ ಪಂಚಾಯತಿಯ ಕಾಮಗಾರಿಗಳ ಕ್ರಮವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಚರಂಡಿಗೂ ಮೊದಲು ಅಂದಾಜು ಪಟ್ಟಿ ಆಗಬೇಕು. ಕೆಲಸ ಆದಂತೆ ಅಳತೆ ಪುಸ್ತಕದಲ್ಲಿ ನಮೂದಾಗಬೇಕು. ಅಂದಾಜಿನಲ್ಲಿ ಇಲ್ಲದ ಹೆಚ್ಚುವರಿ ಕೆಲಸಕ್ಕೆ ಮುಂಚಿತವಾಗಿ ಒಪ್ಪಿಗೆ ಬೇಕು. ಇವೆಲ್ಲ ಆದ ಮೇಲೆ ಬಿಲ್ಲು. ಸಾರ್ವಜನಿಕರ ಹಣಕ್ಕೆ ಇಷ್ಟು ಎಚ್ಚರ ವಹಿಸುವ ಅದೇ ಊರಿನಲ್ಲಿ ಕುಟುಂಬವೊಂದರ ವರ್ಷದ ಉಳಿತಾಯವು ಅಂದಾಜೂ ಇಲ್ಲದೆ, ಅಳತೆಯೂ ಇಲ್ಲದೆ ಒಂದೇ ಮಧ್ಯಾಹ್ನದಲ್ಲಿ ಖರ್ಚಾಗುತ್ತದೆ.

ದೇಹವು ಚರಂಡಿಯಂತಲ್ಲ, ನಿಜ. ರೋಗವನ್ನು ಮೊದಲೇ ಪೂರ್ಣವಾಗಿ ಅಳೆಯಲು ಯಾವ ವೈದ್ಯರಿಂದಲೂ ಸಾಧ್ಯವಿಲ್ಲ. ಆದರೆ ಮುಂದಿನ ಒಂದು ಹಂತಕ್ಕೆ ಎಷ್ಟಾಗುತ್ತದೆ ಎಂಬುದನ್ನು ಬಹುತೇಕ ಸಂದರ್ಭಗಳಲ್ಲಿ ಹೇಳಬಹುದು. ಕೇಳಬೇಕಾದದ್ದೂ ಅಷ್ಟೇ.

3. ಕಾರ್ಡು ಯಾವುದಕ್ಕೆ, ಯಾವುದಕ್ಕಲ್ಲ?

2018ರಲ್ಲಿ ಕೇಂದ್ರ ಮತ್ತು ರಾಜ್ಯದ ಯೋಜನೆಗಳನ್ನು ಸೇರಿಸಿ ಜಾರಿಗೆ ತಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತಿದೆ. ಅದರ ಬಗ್ಗೆ ಜನರಲ್ಲಿರುವ ನಾಲ್ಕು ತಪ್ಪು ತಿಳಿವಳಿಕೆಗಳೇ ಹಲವು ಬಿಲ್ಲುಗಳಿಗೆ ಕಾರಣವಾಗಿವೆ.

ಮೊದಲನೆಯದು, ಕಾರ್ಡು ಇದ್ದರೆ ಎಲ್ಲ ಚಿಕಿತ್ಸೆಯೂ ಉಚಿತ ಎಂಬುದು. ಯೋಜನೆಯು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ, ನಿಗದಿತ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಅನ್ವಯಿಸುತ್ತದೆ. ಖಾಸಗಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತೋರಿಸಿಕೊಂಡು ಮನೆಗೆ ಮರಳುವ ಭೇಟಿಗೆ, ಅಂದಿನ ಪರೀಕ್ಷೆ ಮತ್ತು ಔಷಧಿಗೆ ಅದು ಅನ್ವಯಿಸುವುದಿಲ್ಲ. ಉದಾಹರಣೆಯ ಮಹಿಳೆಗೆ ಆದದ್ದು ಇದೇ.

ಎರಡನೆಯದು, ಎಲ್ಲ ಖಾಸಗಿ ಆಸ್ಪತ್ರೆಗಳಲ್ಲೂ ಕಾರ್ಡು ನಡೆಯುತ್ತದೆ ಎಂಬುದು. ಯೋಜನೆಯಡಿ ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ಸೌಲಭ್ಯ ದೊರೆಯುತ್ತದೆ. ಅಂತಹ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಮೊದಲು ಅವರನ್ನು ಕಾಣತಕ್ಕದ್ದು.

ಮೂರನೆಯದು, ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಬಹುದು ಎಂಬುದು. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದಾಗ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಆ ಒಂದು ಪತ್ರವಿಲ್ಲದೆ ದಾಖಲಾದ ಕುಟುಂಬಗಳು ಪೂರ್ಣ ಬಿಲ್ಲನ್ನು ತಾವೇ ಭರಿಸಬೇಕಾಗುತ್ತದೆ.

ನಾಲ್ಕನೆಯದು, ಎಪಿಎಲ್ ಕುಟುಂಬಕ್ಕೂ ಬಿಪಿಎಲ್ ಕುಟುಂಬದಷ್ಟೇ ನೆರವು ಸಿಗುತ್ತದೆ ಎಂಬುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಅಂದರೆ 50,000 ರೂಪಾಯಿಯ ಪ್ಯಾಕೇಜಿನಲ್ಲಿ 15,000 ರೂಪಾಯಿ ಸರ್ಕಾರದ್ದು, 35,000 ರೂಪಾಯಿ ಕುಟುಂಬದ್ದು. ಈ ಲೆಕ್ಕವನ್ನು ದಾಖಲಾಗುವ ಮೊದಲೇ ಮಾಡಿಕೊಳ್ಳಬೇಕು.

ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಬಿಪಿಎಲ್ ಕುಟುಂಬದ ರೋಗಿ ಯೋಜನೆಯಡಿ ಸರಿಯಾಗಿ ದಾಖಲಾದರೆ ಪ್ಯಾಕೇಜಿನೊಳಗೆ ಬರುವ ಹಾಸಿಗೆ, ಪರೀಕ್ಷೆ, ಶಸ್ತ್ರಚಿಕಿತ್ಸೆ ಮತ್ತು ಔಷಧಿಗೆ ಬೇರೆಯಾಗಿ ಹಣ ಕೇಳುವಂತಿಲ್ಲ. ಕೇಳಿದಲ್ಲಿ ಆರೋಗ್ಯ ಮಿತ್ರರಿಗೆ ತಿಳಿಸಿ, 104 ಅಥವಾ 14555 ಸಂಖ್ಯೆಗೆ ಕರೆ ಮಾಡಬೇಕು.

4. ಕಾಲಿಡುವ ಮೊದಲು ಕೇಳುವ ಪ್ರಶ್ನೆಗಳು

ವೈದ್ಯರನ್ನು ದರ ಕೇಳುವುದು ಅಗೌರವ ಎಂಬ ಸಂಕೋಚ ಹಿರಿಯರಲ್ಲಿ ಹೆಚ್ಚು. ಕೈಮುಗಿದು, ವಿನಯದಿಂದ ಕೇಳುವ ಪ್ರಶ್ನೆ ಅಗೌರವವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಚಿಕಿತ್ಸೆಯ ನಿರೀಕ್ಷಿತ ವೆಚ್ಚವನ್ನು ತಿಳಿಯುವುದನ್ನು ರೋಗಿಯ ಹಕ್ಕು ಎಂದೇ ಹೇಳಿದೆ. ಔಷಧಿಯನ್ನು ಎಲ್ಲಿ ಕೊಳ್ಳಬೇಕು, ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕು ಎಂಬ ಆಯ್ಕೆಯೂ ರೋಗಿಯದೇ. ಈ ಕೆಳಗಿನ ಪ್ರಶ್ನೆಗಳನ್ನು ಆಡುಮಾತಿನಲ್ಲೇ ರೂಢಿ ಮಾಡಿಕೊಳ್ಳಬಹುದು.

ಪರೀಕ್ಷೆಗೆ ಮುನ್ನ: "ಸರ್, ಈ ಪರೀಕ್ಷೆ ಇವತ್ತೇ ಆಗಬೇಕಾ? ಎಷ್ಟಾಗುತ್ತೆ? ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಬಂದರೆ ನಡೆಯುತ್ತಾ?"

ಹಾಸಿಗೆಗೆ ಮುನ್ನ: "ಡ್ರಿಪ್ ಹಾಕಲೇಬೇಕಾ, ಬಾಯಲ್ಲೇ ಓಆರ್‌ಎಸ್ ಕುಡಿದರೆ ಸಾಕಾ? ಎಷ್ಟು ಹೊತ್ತು ಇರಬೇಕು? ಹಾಸಿಗೆಗೆ ಎಷ್ಟು?"

ಔಷಧಿಗೆ ಮುನ್ನ: "ಇದರಲ್ಲಿ ತಪ್ಪದೆ ತಗೋಬೇಕಾದ್ದು ಯಾವುದು? ಜನೌಷಧಿ ಅಂಗಡಿಯಲ್ಲಿ ಇದೇ ಔಷಧಿ ತಗೋಬಹುದಾ?"

ದಾಖಲಾಗುವ ಮುನ್ನ: "ಇಲ್ಲಿ ಕಾರ್ಡು ನಡೆಯುತ್ತಾ? ಆರೋಗ್ಯ ಮಿತ್ರ ಎಲ್ಲಿದ್ದಾರೆ? ಒಟ್ಟು ಅಂದಾಜು ಬರೆದು ಕೊಡ್ತೀರಾ?"

ಪ್ರಶ್ನೆ ಕೇಳುವುದೆಂದರೆ ಚಿಕಿತ್ಸೆ ಬೇಡವೆನ್ನುವುದಲ್ಲ. "ಇದು ಇಂದೇ ಆಗಬೇಕು" ಎಂದು ವೈದ್ಯರು ಕಾರಣ ಹೇಳಿದರೆ ಅದನ್ನು ಒಪ್ಪುವುದೇ ವಿವೇಕ. ವೈದ್ಯರಿಗೂ ಈ ಪ್ರಶ್ನೆಗಳಿಂದ ಉಪಯೋಗವಿದೆ. ರೋಗಿಯ ಕೈಯಲ್ಲಿರುವುದು ಒಂದೇ ಸಾವಿರ ಎಂದು ತಿಳಿದರೆ ಯಾವ ಪರೀಕ್ಷೆ ಮೊದಲು, ಯಾವುದು ನಂತರ ಎಂದು ಅವರು ವಿಂಗಡಿಸಬಲ್ಲರು. ತಿಳಿಯದಿದ್ದರೆ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಾರೆ.

5. ಬಿಲ್ಲನ್ನು ಓದುವ ಕ್ರಮ

ಉದಾಹರಣೆಯ ಬಿಲ್ಲಿನಲ್ಲಿ "ಲ್ಯಾಬ್ 1,850" ಎಂಬ ಒಂದೇ ಸಾಲಿತ್ತು. ಯಾವ ಪರೀಕ್ಷೆಗೆ ಎಷ್ಟು ಎಂಬ ವಿವರವಿರಲಿಲ್ಲ. ಈ ವಿವರ ಏಕೆ ಮುಖ್ಯ ಎಂಬುದಕ್ಕೆ ಅದೇ ವರ್ಷದ ಸಾಕ್ಷಿಯಿದೆ. 2024ರ ಜುಲೈನಲ್ಲಿ ರಾಜ್ಯ ಸರ್ಕಾರವು ಖಾಸಗಿ ಆಸ್ಪತ್ರೆ ಮತ್ತು ಪ್ರಯೋಗಾಲಯಗಳಲ್ಲಿ ಡೆಂಗಿ ಪರೀಕ್ಷೆಯ ಗರಿಷ್ಠ ದರವನ್ನು ನಿಗದಿಪಡಿಸಿತು: ಎನ್‌ಎಸ್1 ಎಲೈಸಾ ಪರೀಕ್ಷೆಗೆ 300 ರೂಪಾಯಿ, ಐಜಿಎಂ ಎಲೈಸಾ ಪರೀಕ್ಷೆಗೆ 300 ರೂಪಾಯಿ, ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದರೆ, ಡೆಂಗಿ ಪರೀಕ್ಷೆಗೆ 250 ಪಡೆದರೋ 750 ಪಡೆದರೋ ತಿಳಿಯುವುದಿಲ್ಲ. ಸರ್ಕಾರ ದರ ನಿಗದಿಪಡಿಸಿದರೂ ವಿವರವಿಲ್ಲದ ಬಿಲ್ಲು ಅದರ ಫಲವನ್ನು ಜನರಿಂದ ಮರೆಮಾಡುತ್ತದೆ.

ಆದುದರಿಂದ ವಿವರವಾದ ಬಿಲ್ಲನ್ನು ಕೇಳಿ ಪಡೆಯತಕ್ಕದ್ದು. ಅದರಲ್ಲಿ ದಿನಾಂಕ, ಆಸ್ಪತ್ರೆಯ ಹೆಸರು, ಪ್ರತಿ ಪರೀಕ್ಷೆಯ ಹೆಸರು ಮತ್ತು ದರ, ಪ್ರತಿ ಔಷಧಿಯ ಹೆಸರು, ಸಂಖ್ಯೆ ಮತ್ತು ಬೆಲೆ ಇರಬೇಕು. ನಂತರ ಮೂರು ಹೋಲಿಕೆಗಳನ್ನು ಮಾಡಬೇಕು. ಬರೆದ ಪರೀಕ್ಷೆಗಳೆಲ್ಲವೂ ನಡೆದಿವೆಯೇ, ಅವುಗಳ ವರದಿ ಕೈಗೆ ಬಂದಿದೆಯೇ? ಔಷಧಿಗೆ ಪಡೆದ ಬೆಲೆ ಪಟ್ಟಿಯ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯನ್ನು ಮೀರಿದೆಯೇ? ಬಿಲ್ಲಿನ ದರವು ಆಸ್ಪತ್ರೆಯಲ್ಲಿ ಪ್ರದರ್ಶಿಸಿರುವ ದರಪಟ್ಟಿಗೆ ಹೊಂದುತ್ತದೆಯೇ? ಬಿಲ್ಲು, ವೈದ್ಯರ ಚೀಟಿ, ವರದಿಗಳನ್ನು ಒಂದೇ ಚೀಲದಲ್ಲಿ ಇಟ್ಟು ಮುಂದಿನ ಭೇಟಿಗೆ ಒಯ್ಯಬೇಕು. ಹಳೆಯ ವರದಿ ಕೈಯಲ್ಲಿದ್ದರೆ ಅದೇ ಪರೀಕ್ಷೆಗೆ ಎರಡನೆಯ ಬಾರಿ ಹಣ ಕೊಡುವ ಸಂದರ್ಭ ಕಡಿಮೆಯಾಗುತ್ತದೆ.

6. ತಪ್ಪು ಕಂಡಲ್ಲಿ ಯಾರನ್ನು ಕೇಳಬೇಕು?

ಮೊದಲು ಆಸ್ಪತ್ರೆಯ ಆಡಳಿತವನ್ನೇ ಕೇಳಬೇಕು. ಲೆಕ್ಕದ ತಪ್ಪುಗಳು ಅಲ್ಲಿಯೇ ಸರಿಹೋಗಬಹುದು. ಸರಿಹೋಗದಿದ್ದರೆ ಎರಡು ದಾರಿಗಳಿವೆ.

ಒಂದನೆಯದು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007. ಈ ಕಾನೂನಿನ ಪ್ರಕಾರ ಪ್ರತಿ ಖಾಸಗಿ ಕ್ಲಿನಿಕ್, ಆಸ್ಪತ್ರೆ ಮತ್ತು ಪ್ರಯೋಗಾಲಯ ನೋಂದಣಿ ಪಡೆದಿರಬೇಕು, ನೋಂದಣಿ ಪತ್ರ ಮತ್ತು ದರಪಟ್ಟಿಯನ್ನು ಎದ್ದು ಕಾಣುವಂತೆ ಪ್ರದರ್ಶಿಸಬೇಕು. 2017ರ ತಿದ್ದುಪಡಿಯು ರೋಗಿಗಳ ಹಕ್ಕುಗಳನ್ನೂ ಕುಂದುಕೊರತೆ ನಿವಾರಣೆಯನ್ನೂ ಕಾನೂನಿನೊಳಗೆ ತಂದಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯ ಮೂಲಕ ಲಿಖಿತ ದೂರು ಸಲ್ಲಿಸಬಹುದು.

ಎರಡನೆಯದು, ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರ ಮೂಲಕವೇ ಬರಬೇಕೆಂಬ ನಿಯಮವೂ ಇಲ್ಲ. ಆದರೆ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಎರಡೂ ದಾರಿಗಳಲ್ಲಿ ದೂರನ್ನು ನಿಲ್ಲಿಸುವುದು ಕಾಗದ. ವಿವರವಾದ ಬಿಲ್ಲು ಇಲ್ಲದ ದೂರು ಅಳತೆ ಪುಸ್ತಕವಿಲ್ಲದ ಕಾಮಗಾರಿಯಂತೆ. ಕೆಲಸ ನಡೆದದ್ದು ನಿಜವಾದರೂ ಸಾಬೀತುಪಡಿಸಲು ಆಗದು.

7. ತುರ್ತು ಸಂದರ್ಭದಲ್ಲಿ ಈ ಪಾಠ ಅನ್ವಯಿಸದು

ಎದೆನೋವು, ಹಾವಿನ ಕಡಿತ, ಅಪಘಾತ, ಪ್ರಜ್ಞೆ ತಪ್ಪುವುದು, ಮುಖ ಅಥವಾ ಕೈಕಾಲಿನ ಸ್ವಾಧೀನ ಹಠಾತ್ತನೆ ತಪ್ಪುವುದು, ಗರ್ಭಿಣಿಗೆ ರಕ್ತಸ್ರಾವ, ಇಂತಹ ಸಂದರ್ಭಗಳಲ್ಲಿ ದರ ವಿಚಾರಿಸುತ್ತಾ ನಿಲ್ಲಬಾರದು. ಜ್ವರದಲ್ಲಿಯೂ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಿಂದ ರಕ್ತ, ಮಂಪರು ಕಂಡರೆ ತಡಮಾಡಬಾರದು. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಜೀವ ಉಳಿಸುವ ತುರ್ತು ಚಿಕಿತ್ಸೆ ನೀಡುವುದು ಪ್ರತಿ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲೇ ಹೇಳಿದೆ. ರೋಗಿಯ ಸ್ಥಿತಿ ಸ್ಥಿರವಾದ ನಂತರ ಕುಟುಂಬದ ಒಬ್ಬರು ಕಾರ್ಡು ಹಿಡಿದು ಆರೋಗ್ಯ ಮಿತ್ರರನ್ನು ಕಾಣಬೇಕು. ಮೊದಲು ಜೀವ, ನಂತರ ಲೆಕ್ಕ.

8. ಗ್ರಾಮ ಪಂಚಾಯತಿ ಏನು ಮಾಡಬಹುದು?

ಖಾಸಗಿ ಆಸ್ಪತ್ರೆಯ ದರವನ್ನು ಇಳಿಸುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಆದರೆ ಜನರು ಆ ಆಸ್ಪತ್ರೆಯ ಬಾಗಿಲಿಗೆ ಹೋಗುವ ಮೊದಲಿನ ಕೆಲಸ ಪಂಚಾಯತಿಯ ಕೈಯಲ್ಲಿದೆ.

ಪಂಚಾಯತಿ ಕಚೇರಿ, ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ 104, 108, 14555 ಮತ್ತು 1915 ಸಂಖ್ಯೆಗಳನ್ನೂ, ಜಿಲ್ಲೆಯಲ್ಲಿ ಯೋಜನೆಯಡಿ ನೋಂದಾಯಿತವಾಗಿರುವ ಆಸ್ಪತ್ರೆಗಳ ಹೆಸರುಗಳನ್ನೂ ದಪ್ಪ ಅಕ್ಷರಗಳಲ್ಲಿ ಬರೆಸಬಹುದು. ಪಟ್ಟಿ ಬದಲಾಗುವುದರಿಂದ ಕಾಲಕಾಲಕ್ಕೆ ಪರಿಷ್ಕರಿಸಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ಪರೀಕ್ಷೆಗಳು ಯಾವ ವೇಳೆಯಲ್ಲಿ ನಡೆಯುತ್ತವೆ, ಯಾವ ಔಷಧಿಗಳು ದಾಸ್ತಾನಿನಲ್ಲಿವೆ ಎಂಬುದನ್ನು ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೇಳಿ ಪ್ರಕಟಿಸಬೇಕು. ಜನರು ಖಾಸಗಿ ಆಸ್ಪತ್ರೆಗೆ ಹೋಗುವುದು ಮೋಹದಿಂದಲ್ಲ. ಹಗಲಿನ ಕೂಲಿ ಬಿಡಲಾಗದವರಿಗೆ ಸಂಜೆ ತೆರೆದಿರುವ ಬಾಗಿಲು ಅದೊಂದೇ ಆಗಿರುತ್ತದೆ. ಸರ್ಕಾರಿ ಕೇಂದ್ರದ ಕೊರತೆಗಳನ್ನು ಗ್ರಾಮ ಸಭೆಯಲ್ಲಿ ದಾಖಲಿಸಿ ಮೇಲಿನ ಹಂತಕ್ಕೆ ಕಳುಹಿಸುವುದೂ ಬಿಲ್ಲನ್ನು ತಗ್ಗಿಸುವ ಕೆಲಸವೇ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳ ಮೂಲಕ ಇ-ಸಂಜೀವನಿಯಲ್ಲಿ ವೈದ್ಯರ ಸಲಹೆ ಉಚಿತವಾಗಿ ಸಿಗುತ್ತದೆ ಎಂಬುದನ್ನೂ ತಿಳಿಸಬೇಕು.

ಸ್ವಸಹಾಯ ಸಂಘದ ಸಭೆಯಲ್ಲಿ ಆಸ್ಪತ್ರೆಗೆಂದು ಸಾಲ ಕೇಳಿದ ಸದಸ್ಯೆಗೆ ಹಣದೊಂದಿಗೆ ಒಂದು ಪ್ರಶ್ನೆಯನ್ನೂ ಕೊಡಬಹುದು: "ಅಕ್ಕಾ, ಕಾರ್ಡು ನಡೆಯುತ್ತಾ ಅಂತ ಕೇಳಿದ್ರಾ?"

ಪಾಠದ ಸಾರ

ಉದಾಹರಣೆಯ ಮಹಿಳೆಗೆ ಆಶಾ ಕಾರ್ಯಕರ್ತೆ ಉಪಕೇಂದ್ರದ ದಾರಿ ತೋರಿಸಿದರು. ಮೂವತ್ತು ವರ್ಷ ಮೇಲ್ಪಟ್ಟವರಿಗೆ ಅಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಉಚಿತ. ಒತ್ತಡ ಇನ್ನೂ ಹೆಚ್ಚಾಗಿಯೇ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮಾತ್ರೆ ಆರಂಭಿಸಿದರು. ಮಾತ್ರೆ ಪಡೆದು ಹೊರಡುವಾಗ ಅವರು ಸೆರಗಿನ ಗಂಟಿಗೆ ಕೈ ಹಾಕಿ, "ಎಷ್ಟಾಯಿತು?" ಎಂದು ಕೇಳಿದರು. "ಏನೂ ಇಲ್ಲಮ್ಮ, ಮುಂದಿನ ತಿಂಗಳು ತಪ್ಪದೆ ಬನ್ನಿ" ಎಂದರು ಶುಶ್ರೂಷಾಧಿಕಾರಿ. ಅದೇ ಪ್ರಶ್ನೆಯನ್ನು ಮೂರು ತಿಂಗಳ ಹಿಂದೆ ಲ್ಯಾಬಿನ ಬಾಗಿಲಲ್ಲಿ ಕೇಳಿದ್ದರೆ ಓಲೆಗಳು ಕಿವಿಯಲ್ಲೇ ಉಳಿಯುತ್ತಿದ್ದವೇನೋ. ಎಷ್ಟಾಯಿತು ಎಂದು ಕೊನೆಯಲ್ಲಿ ಕೇಳುವುದಕ್ಕಿಂತ ಎಷ್ಟಾಗುತ್ತದೆ ಎಂದು ಮೊದಲು ಕೇಳುವುದನ್ನು ಪ್ರತಿ ಕುಟುಂಬವೂ ರೂಢಿಸಿಕೊಳ್ಳಬೇಕು.

ಚರ್ಚೆಗೆ ಪ್ರಶ್ನೆಗಳು

1. ಉದಾಹರಣೆಯ ಬಿಲ್ಲಿನ ಐದು ಬಾಬುಗಳಲ್ಲಿ ಯಾವುವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪಡೆಯಬಹುದಾಗಿತ್ತು?

2. ತಮ್ಮ ಗ್ರಾಮಕ್ಕೆ ಹತ್ತಿರದ, ಯೋಜನೆಯಡಿ ನೋಂದಾಯಿತ ಆಸ್ಪತ್ರೆ ಯಾವುದು? ಅಲ್ಲಿಗೆ ಶಿಫಾರಸು ಪತ್ರ ಎಲ್ಲಿ ದೊರೆಯುತ್ತದೆ?

3. ಎಪಿಎಲ್ ಕುಟುಂಬವೊಂದರ ರೋಗಿಗೆ 80,000 ರೂಪಾಯಿಯ ಪ್ಯಾಕೇಜ್ ನಿಗದಿಯಾಗಿದೆ. ಕುಟುಂಬವು ಎಷ್ಟು ಹಣ ಹೊಂದಿಸಬೇಕು?

4. ಕಳೆದ ವರ್ಷ ಆಸ್ಪತ್ರೆಯ ಖರ್ಚಿಗೆ ಸಾಲ ಮಾಡಿದ ಕುಟುಂಬಗಳಲ್ಲಿ, ಮುಂದಿನ ತಪಾಸಣೆಗೆ ಹೋಗದೆ ಉಳಿದವರು ತಮ್ಮ ವಾರ್ಡಿನಲ್ಲಿ ಇದ್ದಾರೆಯೇ? ಅವರ ಮನೆಗೆ ಮೊದಲು ಯಾರು ಹೋಗಬೇಕು?